ಆಸಿಡ್ ಬಾಟ್ಲಿ ಇಲ್ದೆ ಬೋರ್‌ವೆಲ್ ನೀರಿನ ಬಿಳಿ ಕಲೆ ತೆಗೆದಿದ್ದು: ನನ್ನ ಅನುಭವ

ಬೋರ್‌ವೆಲ್ ನೀರಿರೋ ಮನೇಲಿ ನ್ಯಾಚುರಲ್ ಕ್ಲೀನರ್ ಎಲ್ಲ ನಡಿಯಲ್ಲ, ಗಾಡೀಲಿ ಮಾರ್ಕೊಂಡು ಬರೋ ಆಸಿಡ್ ಸುರಿದ್ರೇನೇ ಸರಿ ಅಂತ ನಮ್ಮ ಬೀದೀಲಿ ಎಲ್ರೂ ಹೇಳಿದ್ರು, ಮನೇಲಿ ಅತ್ತೆನೂ ಅದನ್ನೇ ಅಂದ್ರು. ಈಗ ಎರಡು ವರ್ಷದ ಹತ್ರ ಆಯ್ತು, ಮನೆಗೆ ಆಸಿಡ್ ಬಂದಿಲ್ಲ, ಫಿನಾಯಿಲ್ ಬಂದಿಲ್ಲ, ಕಮೋಡ್ ಒಳಗೆ ನೀರಿನ ಗೆರೆ ಇಲ್ಲ, ನಲ್ಲಿ ಹೊಳೀತಿದೆ. ಆಗಲ್ಲ ಅಂದೋರಲ್ಲೇ ನಾಕೈದು ಮನೆಯವರು ಈಗ ಖಾಲಿ ಬಾಟ್ಲಿ ಹಿಡ್ಕೊಂಡು ಬರ್ತಾರೆ. ಎಲ್ರಿಗೂ ಒಂದೊಂದ್ಸಲ ಹೇಳೋ ಬದ್ಲು ಇಲ್ಲೇ ಬರೆದು ಹಾಕ್ತಿದೀನಿ.

ನಮ್ಮದು ತುಮಕೂರು. ನೀರು ಎಷ್ಟು ಗಡಸು ಅಂದ್ರೆ ಬಕೆಟ್ ತಳದಲ್ಲಿ ಬಿಳಿ ಪದರ, ಶವರ್ ತೂತೆಲ್ಲ ಮುಚ್ಚೋಗತ್ತೆ, ಸೋಪು ಎಷ್ಟು ಉಜ್ಜಿದ್ರೂ ನೊರೆ ಬರಲ್ಲ. ಕಾವೇರಿ ನೀರು ಬರೋ ಮನೆಯವರು ಹಾಕೋ ವಿಡಿಯೋ ನೋಡ್ಕೊಂಡು ಮಾಡಿದ್ರೆ ನಮ್ ಕಡೆ ಕೆಲಸ ಆಗಲ್ಲ, ಇದನ್ನ ಮೊದ್ಲೇ ಹೇಳ್ಬಿಡ್ತೀನಿ.

ಶುರು ಮಾಡಿದ್ದು ಎಲ್ರ ಥರ ಬಯೋ ಎಂಜೈಮಿಂದಾನೇ, ಅಂದ್ರೆ ಹಣ್ಣಿನ ಸಿಪ್ಪೆನ ಬೆಲ್ಲದ ನೀರಲ್ಲಿ ಹುದುಗಿಸಿ ಮಾಡೋ ಕ್ಲೀನರ್. 1 ಪಾಲು ಬೆಲ್ಲ, 3 ಪಾಲು ಸಿಪ್ಪೆ, 10 ಪಾಲು ನೀರು, ಮೂರು ತಿಂಗಳು, ಅದೆಲ್ಲ ನಿಮಗೆ ಗೊತ್ತಿರತ್ತೆ. ಬರೀ ನಿಂಬೆ ಸಿಪ್ಪೆ ಹಾಕಿದ ಕ್ಯಾನು ತುಂಬ ನಿಧಾನ, ಗ್ಯಾಸೇ ಬರ್ಲಿಲ್ಲ. ಜ್ಯೂಸ್ ಅಂಗಡಿಯಿಂದ ಚೀಲಗಟ್ಲೆ ಮೋಸಂಬಿ ಸಿಪ್ಪೆ ಫ್ರೀಯಾಗಿ ಸಿಕ್ತು, ಆದ್ರೆ ಅದು ಬೆಳಿಗ್ಗೆಯಿಂದ ಬಿಸಿಲಲ್ಲಿ ಬಿದ್ದಿದ್ದು, ಒಂದು 20 ಲೀಟರ್ ಕ್ಯಾನ್ ಪೂರ್ತಿ ಕಪ್ಪು ಬೂಷ್ಟು ಹಿಡಿದು ಗಬ್ಬು ವಾಸನೆ ಬಂದು ಗೊಬ್ಬರದ ಗುಂಡಿಗೆ ಹೋಯ್ತು. ಬಿಳಿ ಪದರ ಕಟ್ಟಿದ್ರೆ ಭಯ ಬೇಡ, ಕಪ್ಪು ಬಂದ್ರೆ ಇನ್ನಷ್ಟು ಬೆಲ್ಲ ಹಾಕಿ ಉಳಿಸಿ ಅಂತಾರೆ, ನಾನು ಹಾಕ್ದೆ, ಉಳೀಲಿಲ್ಲ. ಬೆಲ್ಲಕ್ಕೇ ಹೆಚ್ಚುಕಮ್ಮಿ 600 ರೂಪಾಯಿ ಹೋಯ್ತು ಆ ವರ್ಷ. ಆಮೇಲೆ ದಿನಸಿ ಅಂಗಡೀಲಿ ನೀರು ಬಿಟ್ಟು ಮೆತ್ತಗಾಗಿರೋ ಹಳೇ ಕರಿ ಬೆಲ್ಲ ಅರ್ಧ ರೇಟಿಗೆ ತರೋಕೆ ಶುರು ಮಾಡ್ದೆ, ಹುದುಗೋಕೆ ಅದೇ ಚೆನ್ನಾಗಿದೆ, ಹೊಳೆಯೋ ಹಳದಿ ಬೆಲ್ಲ ಬೇಡವೇ ಬೇಡ. ಕಿತ್ತಳೆ, ಮೋಸಂಬಿ, ಹಿತ್ತಲಿನ ಹೇರಳೆಕಾಯಿ ಸಿಪ್ಪೆ ಬೆರೆಸಿ, ಹಿಂದಿನ ಕ್ಯಾನಿಂದ ಒಂದು ಲೋಟ ಹಳೇ ನೀರು ಹಾಕಿದ್ರೆ ಒಂದೂವರೆ ತಿಂಗಳಿಗೇ ಬಳಸೋ ಹಂಗೆ ಆಗತ್ತೆ.

ನೆಲಕ್ಕೆ ಅದು ಸೂಪರ್. ಆದ್ರೆ ಬಿಳಿ ಕಲೆ? ಅಲ್ಲಾಡ್ಲಿಲ್ಲ. ಇಲ್ಲೇ ಎಲ್ರೂ ಕೈ ಬಿಡೋದು, "ನ್ಯಾಚುರಲ್ ಎಲ್ಲ ಸುಳ್ಳು" ಅಂತ ವಾಪಸ್ ಆಸಿಡ್ ತರೋದು. ಬಯೋ ಎಂಜೈಮಲ್ಲಿರೋ ಹುಳಿ ಸಾಲದು, ಅಷ್ಟೇ ವಿಷಯ. ಕಲೆ ಅಂದ್ರೆ ಸುಣ್ಣ, ಸುಣ್ಣ ಕರಗೋಕೆ ಗಟ್ಟಿ ಹುಳಿ ಬೇಕು, ಜೊತೆಗೆ ಟೈಮ್ ಬೇಕು.

ನಾನು ನಿಂತಿದ್ದು ನಿಂಬೆ ಉಪ್ಪಿನ ಮೇಲೆ, ಅದೇ ಸಿಟ್ರಿಕ್ ಆಸಿಡ್. ಇದು ನ್ಯಾಚುರಲ್ ಅಲ್ಲ ಅಂತ ಜಗಳಕ್ಕೆ ಬರ್ತಾರೆ ಕೆಲವರು. ಫ್ಯಾಕ್ಟರೀಲಿ ಅದನ್ನ ಮಾಡೋದೂ ಸಕ್ಕರೆ, ಕಾಕಂಬಿ ಹುದುಗಿಸೀನೇ, ಅದಕ್ಕೆ ಬಳಸೋದು ಒಂದು ಥರದ ಕಪ್ಪು ಬೂಷ್ಟು. ತಿನ್ನೋ ಪದಾರ್ಥಕ್ಕೆ ಹಾಕೋದು ಬಾತ್‌ರೂಮಿಗೆ ಆಗಲ್ವಾ? ನನಗೆ ಕೆಜಿ 180ರ ಆಸುಪಾಸಲ್ಲಿ ಸಿಗತ್ತೆ, ಚಿಕ್ಕ ಪ್ಯಾಕೆಟ್ ತಗೋಬೇಡಿ, ದುಬಾರಿ. ಟೈಲ್ಸಿಗೆ ಲೀಟರಿಗೆ 100 ಗ್ರಾಂ, ಕಮೋಡಿಗೆ 200 ಗ್ರಾಂ, ಬಿಸಿ ನೀರಲ್ಲಿ ಕರಗಿಸಿ. ಕುದಿಯೋ ನೀರು ಕಮೋಡಿಗೆ ಸುರೀಬೇಡಿ, ಸೆರಾಮಿಕ್ ಬಿರುಕು ಬಿಡಬಹುದು.

ಕಮೋಡಿನ ಕೆಲಸ ರಾತ್ರಿದು. ಮೊದ್ಲು ಬೌಲಲ್ಲಿ ನಿಂತಿರೋ ನೀರನ್ನ ಬ್ರಷ್‌ನಲ್ಲಿ ಒತ್ತಿ ಆದಷ್ಟೂ ಒಳಗೆ ತಳ್ಳಿ, ಇದನ್ನ ಯಾರೂ ಮಾಡಲ್ಲ, ಮಾಡ್ದಿದ್ರೆ ನಿಮ್ಮ ಹುಳಿ ಆ ನೀರಲ್ಲೇ ತೆಳ್ಳಗಾಗಿ ಹೋಗತ್ತೆ. ಆಮೇಲೆ ಸುರಿದು, ಗೆರೆ ಮೇಲ್ಗಡೆ ಇದ್ರೆ ಅಲ್ಲಿಗೆ ಟಿಶ್ಯೂ ಪೇಪರ್ ಅಂಟಿಸಿ ಅದರ ಮೇಲೆ ಹಾಕಿ ಬಿಟ್ಬಿಡಿ. ಬೆಳಿಗ್ಗೆ ಬ್ರಷ್ ಆಡಿಸಿದ್ರೆ ಪುಡಿಪುಡಿಯಾಗಿ ಬರತ್ತೆ. ವರ್ಷಗಟ್ಟಲೆ ಕಟ್ಟಿದ್ದಾದ್ರೆ ಒಂದು ರಾತ್ರಿಗೆ ಹೋಗಲ್ಲ, ವಾರಕ್ಕೊಂದ್ಸಲ ಅಂತ ಒಂದು ತಿಂಗಳು ಹಿಡೀತು ನಮಗೆ. ನಾನೀಗ ಟಿಶ್ಯೂನೂ ಬಳಸಲ್ಲ, ಆ ಹುಳಿ ನೀರನ್ನೇ ಗಟ್ಟಿ ಮಾಡಿ ಕಮೋಡಿನ ಗೋಡೆಗೆ ಅಂಟ್ಕೊಂಡು ನಿಲ್ಲೋ ಹಂಗೆ ಮಾಡ್ಕೊಂಡಿದೀನಿ, ಅಡುಗೆಮನೆ ಸಾಮಾನೇ, ಏನು ಅಂತ ಮಾತ್ರ ಹೇಳಲ್ಲ, ಎಷ್ಟೋ ತಿಂಗಳು ಒದ್ದಾಡಿ ಕಂಡ್ಕೊಂಡಿದ್ದು. ಶವರಿಗೆ ಪ್ಲಾಸ್ಟಿಕ್ ಕವರಲ್ಲಿ ನಿಂಬೆ ಉಪ್ಪಿನ ನೀರು ತುಂಬಿ ರಬ್ಬರ್ ಬ್ಯಾಂಡ್ ಹಾಕಿ ನೇತುಹಾಕಿ. ಸ್ಟೀಲ್ ಬಣ್ಣದ ನಲ್ಲಿ, ಶವರು ಯಾವುದೇ ಆಗ್ಲಿ, ಹತ್ತು ಹದಿನೈದು ನಿಮಿಷ ಸಾಕು, ರಾತ್ರಿ ಎಲ್ಲ ಬಿಟ್ರೆ ಮೇಲಿನ ಪಾಲಿಶ್ ಹೋಗತ್ತೆ. ತೂತು ಪೂರ್ತಿ ಬಿಡ್ಲಿಲ್ಲ ಅಂದ್ರೆ ಮಾರನೇ ವಾರ ಮತ್ತೆ ಕಟ್ಟಿ.

ಈಗ ಮುಖ್ಯವಾದ್ದು. ಸ್ನಾನದ ಗೋಡೆ ಮೇಲೆ ಬರೋ ಜಿಡ್ಡು ಬೂದುಬಣ್ಣದ ಪದರ ಬರೀ ಸುಣ್ಣ ಅಲ್ಲ, ಸೋಪೂ ಸುಣ್ಣಾನೂ ಸೇರ್ಕೊಂಡಿರೋದು. ಹುಳಿ ಒಂದೇ ಹಾಕಿದ್ರೆ ಜಿಡ್ಡು ಉಳಿಯತ್ತೆ, ಸೋಡಾ ಒಂದೇ ಹಾಕಿದ್ರೆ ಸುಣ್ಣ ಉಳಿಯತ್ತೆ. ಎರಡೂ ಒಟ್ಟಿಗೆ ಬೆರೆಸಿ ಬುಸ್ ಅಂತ ನೊರೆ ಬರೋದನ್ನ ವಿಡಿಯೋದಲ್ಲಿ ತೋರಿಸ್ತಾರಲ್ಲ, ಅದು ಶುದ್ಧ ದಂಡ, ಒಂದನ್ನೊಂದು ಕೊಂದ್ಕೊಂಡು ಉಳಿಯೋದು ಉಪ್ಪು ನೀರು. ಮೊದ್ಲು ಹುಳಿ ಸ್ಪ್ರೇ ಮಾಡಿ ಇಪ್ಪತ್ತು ನಿಮಿಷ ಬಿಟ್ಟು ತೊಳೀಬೇಕು, ಆಮೇಲೆ ಬಿಸಿ ಅಂಟುವಾಳದ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಉಜ್ಜಬೇಕು. ಹುಳಿ ಸುಣ್ಣಾನ ಬಿಡಿಸತ್ತೆ, ಉಳಿದ ಜಿಡ್ಡನ್ನ ಸೋಡಾ ಎಳ್ಕೊಂಡು ಹೋಗತ್ತೆ. ಈ ಆರ್ಡರ್ ಸಿಕ್ಕಿದ ದಿನ ಟೈಲ್ಸು ಕೈಯಲ್ಲಿ ಸವರಿದ್ರೆ ಕಿರ್ ಅಂತು, ಅತ್ತೆನ ಕರೆದು ತೋರಿಸ್ದೆ.

ಅಂಟುವಾಳ ಬೀಜ ತೆಗೆದು ರಾತ್ರಿ ನೆನೆಸಿ ಕುದಿಸಿ ಸೋಸೋದು. ಎರಡು ಮೂರು ದಿನಕ್ಕೆ ಹಳಸಿ ವಾಸನೆ ಹೊಡಿಯತ್ತೆ, ಅದೇ ದೊಡ್ಡ ತಲೆನೋವು, ಒಂದೊಂದ್ಸಲ ಅರ್ಧ ಕೆಜಿ ಕಾಯಿಂದ್ದು ಚೆಲ್ಲಿದೀನಿ. ಈಗ ಐಸ್ ಟ್ರೇಲಿ ಹಾಕಿ ಫ್ರೀಜರಲ್ಲಿ ಇಡ್ತೀನಿ, ಬೇಕಾದಾಗ ನಾಲ್ಕು ತುಂಡು ಬಿಸಿ ನೀರಿಗೆ. ಕುದಿಸೋವಾಗ ಒಂದು ಹಿಡಿ ಮಜ್ಜಿಗೆ ಹುಲ್ಲು ಹಾಕಿದ್ರೆ ವಾಸನೆ ಚೆನ್ನಾಗಿರತ್ತೆ. ಕಣ್ಣಿಗೆ ಸಿಡಿದ್ರೆ ಸಿಕ್ಕಾಪಟ್ಟೆ ಉರಿ, ಹುಷಾರು.

ಮಧ್ಯೆ ಏನೇನೋ ಟ್ರೈ ಮಾಡಿದೀನಿ. ಹುಣಸೆಹಣ್ಣು ಹಿತ್ತಾಳೆಗೆ ಸರಿ, ಟೈಲ್ಸ್ ಸಂದೀಲಿ ಕಂದು ಬಣ್ಣ ಬಿಡತ್ತೆ. ಹುಳಿ ಮಜ್ಜಿಗೆ ಹಾಕಿದ್ರೆ ಎರಡು ದಿನ ವಾಸನೆ ಹೋಗ್ಲಿಲ್ಲ. ಬೂದಿ ಜಿಡ್ಡಿಗೆ ಒಳ್ಳೇದೇ, ಆದ್ರೆ ಜಾಲರಿ ಕಟ್ಕೊಳತ್ತೆ. ಎಲ್ಲಕ್ಕಿಂತ ಆಶ್ಚರ್ಯ ಆಗಿದ್ದು ಬಿಂಬುಳಿ, ಕರಾವಳಿ ಕಡೆ ಸಿಗೋ ತುಂಬ ಹುಳಿ ಕಾಯಿ, ಉಡುಪಿಯಿಂದ ನೆಂಟರು ತಂದಿದ್ರು, ಹಳೇ ಪೈಪಿನ ತುಕ್ಕು ಸೋರಿ ನೆಲದ ಮೇಲೆ ಆಗಿದ್ದ ಕೆಂಪು ಕಲೆಗೆ ಅದನ್ನ ಜಜ್ಜಿ ಇಟ್ಟೆ, ಗಂಟೇಲಿ ಮಾಯ. ಅದರಲ್ಲಿ ಆಕ್ಸಾಲಿಕ್ ಆಸಿಡ್ ಇರತ್ತೆ, ತುಕ್ಕಿಗೆ ಅದೇ ಮದ್ದು.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಬ್ಲೀಚಿಂಗ್ ಪೌಡರ್ ಹಾಕಿರೋ ಕಡೆ ಈ ಹುಳಿ ನೀರು ಹಾಕ್ಲೇಬಾರ್ದು, ಕ್ಲೋರಿನ್ ಗ್ಯಾಸ್ ಬರತ್ತೆ, ಮುಚ್ಚಿದ ಬಾತ್‌ರೂಮಲ್ಲಿ ಅದು ಪ್ರಾಣಕ್ಕೇ ಅಪಾಯ. ಕೆಲಸಕ್ಕೆ ಬರೋರಿಗೂ ಇದನ್ನ ಕೂತು ವಿವರಿಸಿ ಹೇಳಿ, ಬರೀ ಬಾಟ್ಲಿ ಕೊಟ್ಟು ಕಳಿಸಬೇಡಿ. ಮಾರ್ಬಲ್, ಕಡಪ ಕಲ್ಲು, ರೆಡ್ ಆಕ್ಸೈಡ್ ನೆಲ, ಇವಕ್ಕೆಲ್ಲ ಹುಳಿ ಮುಟ್ಟಿಸಬೇಡಿ, ಕಲ್ಲನ್ನೇ ತಿನ್ನತ್ತೆ. ಅಲ್ಲಿಗೆ ಅಂಟುವಾಳ ಮಾತ್ರ.

ದುಡ್ಡಿನ ಲೆಕ್ಕ: ಮುಂಚೆ ಆಸಿಡ್ಡು, ಫಿನಾಯಿಲ್ಲು, ಕಮೋಡ್ ಕ್ಲೀನರ್ ಸೇರಿ ತಿಂಗಳಿಗೆ 450ರ ಮೇಲೆ ಹೋಗ್ತಿತ್ತು. ಈಗ ನಿಂಬೆ ಉಪ್ಪು, ಅಂಟುವಾಳ, ಸೋಡಾ, ಬೆಲ್ಲ ಎಲ್ಲ ಸೇರಿ 130–150. ಸೆಪ್ಟಿಕ್ ಟ್ಯಾಂಕ್ ವಾಸನೆನೂ ಕಮ್ಮಿಯಾಗಿದೆ, ಆಸಿಡ್ ಬಿದ್ದು ಅಲ್ಲಿನ ಬ್ಯಾಕ್ಟೀರಿಯಾ ಸಾಯೋದು ನಿಂತಿದ್ದಕ್ಕೇ ಅಂತ ನನ್ನ ನಂಬಿಕೆ. ಅಂಟುವಾಳಾನ ಅಂಗಡೀಲಿ ಕೊಳ್ಳೋದು ಬಿಟ್ಟು ಹಳ್ಳಿ ಕಡೆಯಿಂದ ಒಟ್ಟಿಗೆ ಹತ್ತು ಕೆಜಿ ತರಿಸಿದ್ರೆ ಇನ್ನೂ ಇಳಿಯತ್ತೆ, ಈ ಸಲ ಸುಗ್ಗಿ ಹೊತ್ತಿಗೆ ಅದನ್ನ ಮಾಡ್ಬೇಕು ಅಂತಿದೀನಿ, ಜೊತೆಗೆ ಬೇಕು ಅನ್ನೋರು ಹೇಳಿ, ಸೇರಿಸಿ ತರಿಸೋಣ.