ಕೇರಿಯವರೆಲ್ಲ ಸೇರಿ ತರಕಾರಿ ಬೆಳೆಸುವುದಾದರೆ

ನಾಲ್ಕಾರು ಮನೆಯವರು ಸೇರಿ ಖಾಲಿ ಜಾಗದಲ್ಲಿ ತರಕಾರಿ ಬೆಳೆಸೋಣ ಅಂತ ಹೊರಟರೆ ಮೊದಲು ಕೇಳುವುದು ಬಾವಿ ಇದೆಯಾ, ಪಂಪು ಇದೆಯಾ ಅಂತ. ನಮ್ಮ ಉತ್ತರ ಕನ್ನಡದಲ್ಲಿ ಮೊದಲು ಕೇಳಬೇಕಾದದ್ದು ಬೇರೆ. ಮಳೆ ನೀರು ಎಲ್ಲಿಂದ ಹೊರಗೆ ಹೋಗುತ್ತದೆ? ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಶಿರಸಿ ಕಡೆಯೂ ಕಡಿಮೆ ಏನಲ್ಲ. ಬುಡದಲ್ಲಿ ನೀರು ನಿಂತರೆ ಶುಂಠಿ ಕೊಳೆಯುತ್ತದೆ, ಬದನೆ ಸೊರಗುತ್ತದೆ, ಆಮೇಲೆ ಎಂಥ ಗೊಬ್ಬರ ಹಾಕಿದರೂ ಅಷ್ಟೇ.

ನಾನು ಶಿರಸಿ ಸೀಮೆಯಲ್ಲಿ ಹುಟ್ಟಿ, ಮದುವೆಯಾಗಿ ಕುಮಟೆಗೆ ಬಂದವಳು. ಘಟ್ಟದ ಮೇಲಿನ ಕೆಂಪು ಮಣ್ಣೂ ಗೊತ್ತು, ಕೆಳಗಿನ ಹೊಯ್ಗೆ ಮಣ್ಣೂ, ಅಂದರೆ ಮರಳು ಮಣ್ಣೂ ಗೊತ್ತು. ನಮ್ಮ ಕೇರಿಯ ತೋಟದಲ್ಲಿ ಒಂದೊಂದು ಮನೆಗೆ ಒಂದೊಂದು ತುಂಡು ಜಾಗ, ಉಳಿದದ್ದು ಎಲ್ಲರದು. ಬಸಿಗಾಲುವೆ, ಬೇಲಿ, ಗೊಬ್ಬರಗುಂಡಿ, ಬಾವಿಕಟ್ಟೆ, ಇವು ಎಲ್ಲರವು. ತಂತಮ್ಮ ಪಾತಿಯನ್ನು ಎಲ್ಲರೂ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಯಾರೂ ಹೇಳಬೇಕಾಗಿಲ್ಲ. ಎಲ್ಲರ ಕೆಲಸಕ್ಕೆ ಕೈ ಸೇರಿದರೆ ಮಾತ್ರ ತೋಟ ಉಳಿಯುತ್ತದೆ.

ಅದಕ್ಕೆ ನಮ್ಮ ಹಳೆಯ ಮುರಿಯಾಳು ಪದ್ಧತಿಗಿಂತ ಒಳ್ಳೆಯದು ಯಾವುದೂ ಇಲ್ಲ. ಇವತ್ತು ನನ್ನ ಗದ್ದೆಗೆ ನೀನು ಬಾ, ನಾಳೆ ನಿನ್ನ ಗದ್ದೆಗೆ ನಾನು ಬರುತ್ತೇನೆ, ಆಳಿಗೆ ಆಳು, ದುಡ್ಡಿನ ಮಾತಿಲ್ಲ. ತೋಟದಲ್ಲೂ ಹಾಗೇ ಮಾಡಿ. ಮೇ ತಿಂಗಳಲ್ಲಿ ನಾಲ್ಕು ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮೊದಲು, ಮನೆಗೊಬ್ಬರು ಬರಲೇಬೇಕು. ಕಾಲುವೆ ಕೆರೆಯುವುದು, ಏರಿ, ಅಂದರೆ ಗಿಡ ನೆಡುವ ಎತ್ತರದ ಮಡಿ, ಎತ್ತರಿಸುವುದು, ಬೇಲಿ ಕಟ್ಟುವುದು. ಬರಲಾಗದವರು ದುಡ್ಡು ಕೊಡುತ್ತೇನೆ ಅಂದರೆ ತಗೊಳ್ಳಬೇಡಿ, ಒಮ್ಮೆ ದುಡ್ಡು ಶುರುವಾದರೆ ಎಲ್ಲರೂ ದುಡ್ಡೇ ಕೊಡುತ್ತಾರೆ, ಗುದ್ದಲಿ ಹಿಡಿಯುವವರು ಇರುವುದಿಲ್ಲ. ಬೆನ್ನು ಬಗ್ಗಿಸಲು ಆಗದ ನನ್ನಂಥವರು ಸಸಿ ಮಡಿ ನೋಡಿಕೊಳ್ಳಬಹುದು, ಬೀಜ ಆರಿಸಬಹುದು, ಕೆಲಸದವರಿಗೆ ಚಹಾ, ಅವಲಕ್ಕಿ ತರಬಹುದು. ಅದೂ ಸರದಿಯ ಲೆಕ್ಕಕ್ಕೆ ಸೇರಲಿ.

ಏರಿ ಒಂದಡಿ ಎತ್ತರ ಇರಬೇಕು. ಅಂಚು ಕುಸಿಯದ ಹಾಗೆ ಅಡಿಕೆ ದಬ್ಬೆಯನ್ನೋ (ಸೀಳಿದ ಅಡಿಕೆ ಮರ) ತೆಂಗಿನ ಮಡಲಿನ ದಿಂಡನ್ನೋ ಅಡ್ಡ ಇಟ್ಟು ಗೂಟ ಹೊಡೆಯಿರಿ. ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು, ವರ್ಷ ವರ್ಷ ಮಳೆಗೆ ಅದರ ಸುಣ್ಣದ ಅಂಶ ತೊಳೆದು ಹೋಗುತ್ತದೆ. ಗುಂಟೆಗೆ 4-5 ಕೆಜಿ ಕೃಷಿ ಸುಣ್ಣ ಹಾಕಿ ಮಣ್ಣಿಗೆ ಬೆರೆಸಿ, 15 ದಿನ ಬಿಟ್ಟು ಸೆಗಣಿ ಗೊಬ್ಬರ ಕೊಡಿ. ಎರಡನ್ನೂ ಒಟ್ಟಿಗೆ ಹಾಕಬೇಡಿ, ಗೊಬ್ಬರದ ಸಾರ ಗಾಳಿಗೆ ಹಾರಿ ಹೋಗುತ್ತದೆ. ಹೊಯ್ಗೆ ಮಣ್ಣಿಗೆ ಸುಣ್ಣಕ್ಕಿಂತ ಸೊಪ್ಪು ಮುಖ್ಯ. ಎಷ್ಟು ಹಾಕಿದರೂ ತಿಂದು ಬಿಡುತ್ತದೆ, ಆದರೂ ಹಾಕುತ್ತಲೇ ಇರಬೇಕು.

ಒಣಗಿದ ಎಲೆ, ಅಂದರೆ ದರಕು, ಗುಡಿಸಿ ತರುವುದು ಜನವರಿ, ಫೆಬ್ರವರಿಯ ಕೆಲಸ. ಶಿರಸಿ, ಸಿದ್ದಾಪುರದ ಅಡಿಕೆ ತೋಟದವರಿಗೆ ಸೊಪ್ಪು, ದರಕು ತರಲು ಅಂತಲೇ ಸೊಪ್ಪಿನ ಬೆಟ್ಟ ಇದೆ. ಊರೊಳಗಿನ ನಮಗೆ ರಸ್ತೆ ಬದಿಯ ಮರ, ಶಾಲೆಯ ಅಂಗಳ, ಗುಡಿಯ ಅಂಗಳವೇ ಗತಿ, ಅದೇ ಸಾಕು. ಕಾಡಿನಿಂದ ತರುವವರು ಒಂದು ಮಾತು ದಯವಿಟ್ಟು ಕೇಳಿ. ಮಂಗನ ಕಾಯಿಲೆ ಬರುವುದು ಉಣ್ಣೆ ಹುಳ ಕಚ್ಚಿ, ಅದರ ಕಾಲ ಡಿಸೆಂಬರ್‌ನಿಂದ ಮೇ ತನಕ, ಸರಿಯಾಗಿ ದರಕು ತರುವ ಹೊತ್ತು. ಸಿದ್ದಾಪುರದ ಕಡೆ ಇದರಿಂದ ಜೀವ ಹೋಗಿವೆ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಮೈ ತುಂಬ ಬಟ್ಟೆ ಹಾಕಿಕೊಂಡು ಹೋಗಿ. ಬಂದ ಮೇಲೆ ಆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ. ಮಂಗ ಸತ್ತು ಬಿದ್ದ ಕಡೆ ಹೋಗಲೇಬೇಡಿ, ಇಲಾಖೆಗೆ ತಿಳಿಸಿ.

ರೋಹಿಣಿ ಮಳೆ, ಅಂದರೆ ಮೇ ಕೊನೆಯ ವಾರ, ಬೀಜ ಹಾಕುವ ಕಾಲ. ಸೌತೆ, ಹೀರೆ, ಹಾಗಲ, ಪಡವಲ, ಬೆಂಡೆ. ಮೃಗಶಿರದ ಜಡಿಮಳೆ ಹಿಡಿಯುವ ಹೊತ್ತಿಗೆ ಗಿಡ ನಾಲ್ಕು ಎಲೆ ಬಿಟ್ಟಿರಬೇಕು, ಇಲ್ಲದಿದ್ದರೆ ಎಳೆ ಸಸಿ ಕೊಚ್ಚಿ ಹೋಗುತ್ತದೆ. ಬಳ್ಳಿಯನ್ನು ನೆಲಕ್ಕೆ ಬಿಡಬೇಡಿ, ಚಪ್ಪರಕ್ಕೆ ಹತ್ತಿಸಿ. ಶುಂಠಿ, ಅರಿಶಿನ ಹಾಕಿದ ಏರಿಯ ಮೇಲೆ ಹಸಿಸೊಪ್ಪು ದಪ್ಪಗೆ ಮುಚ್ಚಿ. ಅಂಚಿನಲ್ಲಿ ನೀರು ಹರಿಯುವ ಕಡೆ ಕೆಸು ನೆಟ್ಟರೆ ಆಷಾಢದಲ್ಲಿ ಪತ್ರೊಡೆಗೆ ಎಲೆ ಸಿಗುತ್ತದೆ. ಟೊಮ್ಯಾಟೊ, ಎಲೆಕೋಸು ಮಳೆಗಾಲದಲ್ಲಿ ಬೇಡವೇ ಬೇಡ, ಸುಮ್ನೆ ಶ್ರಮ ಹಾಳು.

ಆಷಾಢದಲ್ಲೇ ಜನ ಬರುವುದು ಕಡಿಮೆಯಾಗುತ್ತದೆ, ಆಗಲೇ ತೋಟಕ್ಕೆ ಜಾಸ್ತಿ ಕೈ ಬೇಕು. ದಿನಕ್ಕೆ ಎರಡು ಮನೆ ಅಂತ ಸರದಿ ಹಾಕಿ. ಬಂದವರು ಮೊದಲು ಕಾಲುವೆಯಲ್ಲಿ ಸಿಕ್ಕಿದ ಎಲೆ, ಕಸ ತೆಗೆಯಲಿ, ಆಮೇಲೆ ತಮ್ಮ ಪಾತಿಗೆ ಹೋಗಲಿ. ಬರಿಗಾಲಲ್ಲಿ ಕೆಸರಿಗೆ ಇಳಿಯಬೇಡಿ, ಕಾಲಲ್ಲಿ ಗಾಯ ಇದ್ದರಂತೂ ಬೇಡವೇ ಬೇಡ. ಇಲಿಜ್ವರ ಹೀಗೇ ಅಂಟುವುದು. ಗಮ್‌ಬೂಟಿನ ಎರಡು ಜೊತೆ ತೋಟದ ಕೋಣೆಯಲ್ಲೇ ಇರಲಿ. ಘಟ್ಟದ ಮೇಲಿನವರಿಗೆ ಉಂಬಳ, ಅಂದರೆ ಜಿಗಣೆ, ಹೊಸತಲ್ಲ, ಒಂದು ಬಟ್ಟೆಯಲ್ಲಿ ಉಪ್ಪು ಕಟ್ಟಿ ಜೊತೆಗಿಟ್ಟುಕೊಳ್ಳಿ. ಆ ಉಪ್ಪನ್ನು ಬಸವನಹುಳದ ಮೇಲೆ ಅಂತ ಪಾತಿಗೆ ಮಾತ್ರ ಎರಚಬೇಡಿ, ಮಣ್ಣು ಕೆಡುತ್ತದೆ. ಸಂಜೆ ಹಸಿ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬೆಳಿಗ್ಗೆ ಹುಳ ಅಲ್ಲೇ ಸೇರಿರುತ್ತವೆ, ಆರಿಸಿ ತೆಗೆಯಿರಿ.

ಹಾಗಲ, ಹೀರೆಗೆ ಹಣ್ಣುನೊಣದ ಕಾಟ ಬಹಳ. ಮಿಡಿ ಬೆರಳುದ್ದ ಇರುವಾಗಲೇ ಕಾಗದದ ಚೀಲ ಕಟ್ಟಿ, ಮಳೆಗೆ ಹರಿದರೆ ಬದಲಿಸಿ. ಗೊಬ್ಬರದಂಗಡಿಯಲ್ಲಿ ನೊಣವನ್ನು ಸೆಳೆದು ಹಿಡಿಯುವ ಮೋಹಕ ಬಲೆ ಸಿಗುತ್ತದೆ, ತರಕಾರಿ ಬಳ್ಳಿಯದ್ದೇ ಕೇಳಿ, ಮಾವಿನದ್ದು ಬೇರೆ. ಕೊಳೆತು ಬಿದ್ದ ಕಾಯಿಯನ್ನು ಗೊಬ್ಬರಗುಂಡಿಗೆ ಎಸೆಯಬೇಡಿ, ಎರಡಡಿ ಆಳ ಹೂಳಿ. ಇದನ್ನು ಒಬ್ಬರೇ ಮಾಡಿದರೆ ಏನೂ ಪ್ರಯೋಜನವಿಲ್ಲ, ಪಕ್ಕದ ಪಾತಿಯಿಂದ ನೊಣ ಬಂದೇ ಬರುತ್ತದೆ. ಎಲ್ಲರೂ ಒಂದೇ ದಿನ ಮಾಡಬೇಕು.

ಚೌತಿಗೆ ತೋಟ ತುಂಬಿರುತ್ತದೆ. ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಪ್ರತಿ ಮನೆಗೂ ಒಂದೊಂದು ಕಾಯಿ ಸಿಗಲಿ ಅಂತ ಹಿಂದಿನ ದಿನವೇ ಎಲ್ಲರ ಎದುರಿಗೆ ಕೊಯ್ದು ಹಂಚಿ. ಅವರವರು ಬಂದು ಕೊಯ್ದುಕೊಳ್ಳಲಿ ಅಂತ ಬಿಟ್ಟರೆ ಜಗಳ ಖಂಡಿತ.

ದೀಪಾವಳಿ ಕಳೆದ ಮೇಲೆ ಹರಿವೆ, ಮೂಲಂಗಿ, ಬಸಳೆ. ಹರಿವೆ 25-30 ದಿನಕ್ಕೆ ಕೀಳಲು ಬರುತ್ತದೆ, ಹೊಸದಾಗಿ ಸೇರಿದ ಮಕ್ಕಳಿಗೆ ಅದನ್ನೇ ಕೊಡಿ, ಬೇಗ ಫಲ ನೋಡಿದರೆ ಮತ್ತೆ ಬರುತ್ತಾರೆ. ಕುಮಟೆಯ ಸಿಹಿ ಈರುಳ್ಳಿಯನ್ನು ಹೊಯ್ಗೆ ಮಣ್ಣಿದ್ದವರು ಒಂದು ಏರಿಯಲ್ಲಾದರೂ ಹಾಕಿ ನೋಡಿ. ಬೇಸಿಗೆಯಲ್ಲಿ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿರುತ್ತಾರಲ್ಲ, ಅದೇ. ಮನೆಯಲ್ಲೂ ಹಾಗೇ ಜಡೆ ಕಟ್ಟಿ ಗಾಳಿಗೆ ತೂಗಬೇಕು, ಬುಟ್ಟಿಯಲ್ಲಿ ರಾಶಿ ಹಾಕಿದರೆ ಕೊಳೆಯುತ್ತದೆ. ಮೊಗೆಕಾಯಿಯನ್ನೂ (ಸಾಂಬಾರು ಸೌತೆ) ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗಿದರೆ ತಿಂಗಳುಗಟ್ಟಲೆ ಇರುತ್ತದೆ.

ಬೀಜದ ವಿಷಯ ಸ್ವಲ್ಪ ನಿಧಾನ ಹೇಳಬೇಕು. ಅಂಕೋಲೆ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲೇ ಹೋಗಿ ಪದ್ಮಶ್ರೀ ಪಡೆದದ್ದು ಎಲ್ಲರಿಗೂ ನೆನಪಿದೆ. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕಾಡಿನಲ್ಲಿ ತಾಯಿಮರ ಯಾವುದು ಅಂತ ಗುರುತಿಸಿ, ಅದರ ಬೀಜವನ್ನು ಸರಿಯಾದ ಹೊತ್ತಿಗೆ ತರುವುದು ಅವರ ವಿದ್ಯೆ. ತರಕಾರಿಗೂ ಅದೇ ಸರಿ. ಮೊದಲ ಕಾಯಿ, ಕೊನೆಯ ಕಾಯಿ ಬೀಜಕ್ಕೆ ಬೇಡ. ರೋಗ ಬಾರದ ಗಟ್ಟಿ ಗಿಡಕ್ಕೆ ಬಣ್ಣದ ದಾರ ಕಟ್ಟಿ, ನಡುಹೊತ್ತಿನ ಒಂದೆರಡು ಕಾಯಿ ಬಲಿಯಲು ಬಿಡಿ, ಆ ದಾರ ಕಂಡ ಮೇಲೆ ಯಾರೂ ಮುಟ್ಟಕೂಡದು. ಬೀಜವನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ, ಸೋಸಿದ ಒಲೆಬೂದಿ ಬೆರೆಸಿ, ಗಾಜಿನ ಬಾಟಲಿಯಲ್ಲಿಟ್ಟು ಹೆಸರು, ವರ್ಷ ಬರೆಯಿರಿ. ಅರ್ಧ ತೋಟದಲ್ಲಿ, ಅರ್ಧ ಯಾರದಾದರೂ ಮನೆಯಲ್ಲಿ ಇಡಿ. ಶಿರಸಿಯ ವನಸ್ತ್ರೀ ಬಳಗದ ಹೆಣ್ಣುಮಕ್ಕಳು ಹೀಗೆ ಹಿತ್ತಲಿನ ಬೀಜಗಳನ್ನು ಉಳಿಸಿ ಹಂಚುತ್ತ ಬಂದಿದ್ದಾರೆ, ನಿಮ್ಮಲ್ಲಿ ಇಲ್ಲದ ತಳಿ ಬೇಕಿದ್ದರೆ ಅಂಥವರನ್ನು ಕೇಳಿ.

ಮಾರ್ಚ್ ಬಂತೆಂದರೆ ಕಡಲ ಹತ್ತಿರದ ಬಾವಿಗಳ ನೀರು ಉಪ್ಪಾಗತೊಡಗುತ್ತದೆ. ನಾಲಿಗೆಗೆ ಹಚ್ಚಿ ನೋಡಿ, ಉಪ್ಪು ಹತ್ತಿದರೆ ಎಳೆ ಸಸಿಗೆ ಹಾಕಬೇಡಿ. ಅಷ್ಟರೊಳಗೆ ಅರ್ಧ ಪಾತಿ ಖಾಲಿ ಮಾಡಿ ದರಕು ಮುಚ್ಚುವುದು ಒಳ್ಳೆಯದು. ಉಳಿದದ್ದಕ್ಕೆ ಸಂಜೆ ಮಾತ್ರ ನೀರು, ಕೊಡದ ಲೆಕ್ಕದಲ್ಲಿ, ಪೈಪು ಬಿಟ್ಟು ಹರಟೆಗೆ ಕೂರುವುದು ಬೇಡ.

ಯಾರದಾದರೂ ಮನೆಯಲ್ಲಿ ಬಾಣಂತನ, ಕಾಯಿಲೆ, ಸಾವು ಅಂತ ಬಂದರೆ ಅಕ್ಕಪಕ್ಕದ ಪಾತಿಯವರು ಕೇಳದೇ ನೀರು ಹಾಕಬೇಕು, ಕೊಯ್ದದ್ದನ್ನು ಆ ಮನೆಗೇ ಮುಟ್ಟಿಸಬೇಕು. ಸುಮ್ನೆ ಬಾರದೇ ಇರುವವರ ಮಾತು ಬೇರೆ. ಅವರಿಗೆ ಎರಡು ಸಲ ಹೇಳಿ, ಒಂದು ಮಳೆಗಾಲ ಕಾಯಿರಿ, ಆಮೇಲೆ ಆ ಜಾಗವನ್ನು ಬೇಕು ಅಂತ ಕೇಳುತ್ತಿರುವ ಇನ್ನೊಂದು ಮನೆಗೆ ಕೊಡಿ. ಇದನ್ನು ಮೊದಲ ದಿನವೇ ಪಟ್ಟಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿಕೊಂಡಿರಿ.