ನೀರಿನ ಜಾಡು ನೋಡಿ ಸೈಕಲ್ ದಾರಿ: ಕಾಡುಗುಡ್ಡಗಳ ಗ್ರಾವೆಲ್ ಸವಾರಿಯಲ್ಲಿ ನನ್ನ ಅನುಭವ

ಕಾಡು ತುಂಬಿದ ಗುಡ್ಡ ಕಣಿವೆಗಳಲ್ಲಿ ಗ್ರಾವೆಲ್ ಬೈಕಿಗೆ, ಅಂದರೆ ಜಲ್ಲಿ, ಮಣ್ಣಿನ ದಾರಿಗೆಂದೇ ಮಾಡಿದ ಅಗಲ ಟೈರಿನ ಸೈಕಲ್ಲಿಗೆ, ದಾರಿ ಹಾಕಲು ಕೂತಾಗ ನಾನು ಮೊದಲು ನೀರು ನೋಡುತ್ತೇನೆ, ರಸ್ತೆ ಆಮೇಲೆ. ಮಳೆ ಸುರಿದರೆ ಈ ಇಳಿಜಾರಿನ ನೀರು ಎಲ್ಲಿ ಕೂಡುತ್ತದೆ, ಯಾವ ಹಳ್ಳ ಸೇರುತ್ತದೆ, ದಾರಿಯನ್ನು ಎಲ್ಲೆಲ್ಲಿ ಅಡ್ಡ ಹಾಯುತ್ತದೆ? ಇಷ್ಟು ಗೊತ್ತಾದರೆ ಎಲ್ಲಿ ಜಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಎಲ್ಲಿ ಕೊರಕಲು ಬಿದ್ದಿರುತ್ತದೆ, ಎಲ್ಲಿ ಇಳಿದು ಸೈಕಲ್ ತಳ್ಳಬೇಕಾಗುತ್ತದೆ ಎಂಬುದೆಲ್ಲ ಮನೆಯಲ್ಲೇ ಮುಕ್ಕಾಲು ಪಾಲು ತಿಳಿಯುತ್ತದೆ. ದೂರ ಎಷ್ಟು ಎನ್ನುವ ಲೆಕ್ಕ ಇದೆಲ್ಲದರ ನಂತರ ಬರುವುದು.

ಗುಡ್ಡಗಾಡಿನ ಮಣ್ಣುದಾರಿಗಳನ್ನು ನಾನು ಮೂರು ಬಗೆಯಾಗಿ ನೋಡುತ್ತೇನೆ. ಹಳ್ಳದ ಪಕ್ಕದಲ್ಲೇ ಸಾಗುವ ಕಣಿವೆ ತಳದ ದಾರಿ. ಬೆಟ್ಟದ ನೆತ್ತಿಯ ಮೇಲೆ ಏಣಿನಗುಂಟ ಓಡುವ ದಾರಿ. ಇವೆರಡರ ನಡುವೆ, ಬೆಟ್ಟದ ಪಕ್ಕೆಯನ್ನು ಕಡಿದು ಮಾಡಿದ ದಾರಿ. ಕಣಿವೆ ದಾರಿ ನಕ್ಷೆಯಲ್ಲಿ ಸಲೀಸಾಗಿ ಕಾಣುತ್ತದೆ, ಏರೂ ಕಡಿಮೆ. ಆದರೆ ಎರಡೂ ಕಡೆಯ ಗುಡ್ಡದ ನೀರು ಬಂದು ಬೀಳುವುದು ಅಲ್ಲಿಗೇ. ಬಿಸಿಲು ತಡವಾಗಿ ಬರುತ್ತದೆ, ಬೇಗ ಹೋಗುತ್ತದೆ, ಮಣ್ಣು ದಿನಗಟ್ಟಲೆ ಒಣಗುವುದಿಲ್ಲ. ನೆತ್ತಿಯ ದಾರಿಗೆ ನೀರಿನ ಕಾಟವಿಲ್ಲ. ಮೇಲಿನಿಂದ ಹರಿದು ಬರಲು ಅಲ್ಲಿ ಮೇಲೆ ಏನೂ ಇಲ್ಲವಲ್ಲ. ಆದರೆ ಏಣು ಎಂದೂ ಸಮತಟ್ಟಾಗಿರುವುದಿಲ್ಲ. ಏರಿಳಿದು ಏರಿಳಿದು ಕಾಲಿನ ಕಸುವು ಸಣ್ಣ ಸಣ್ಣ ದಿಣ್ಣೆಗಳಲ್ಲೇ ಸೋರಿಹೋಗುತ್ತದೆ. ನನಗೆ ಪ್ರಿಯವಾದದ್ದು ಪಕ್ಕೆಯ ದಾರಿ. ಒಂದೇ ಎತ್ತರ ಹಿಡಿದು ಬೆಟ್ಟವನ್ನು ಬಳಸುತ್ತಾ ಹೋಗುತ್ತದೆ, ಒಂದು ಬದಿಗೆ ಕಾಡು, ಇನ್ನೊಂದು ಬದಿಗೆ ಕಣಿವೆ ತೆರೆದುಕೊಳ್ಳುತ್ತದೆ. ಒಳ್ಳೆಯ ಸವಾರಿಯ ಅರ್ಧಕ್ಕಿಂತ ಹೆಚ್ಚು ಭಾಗ ಇಂಥ ದಾರಿಯಲ್ಲಿ ಇರುವಂತೆ ನೋಡಿಕೊಳ್ಳುತ್ತೇನೆ.

ಆ ದಾರಿಯನ್ನು ಯಾರು, ಯಾತಕ್ಕೆ ಮಾಡಿದರು ಎಂಬುದೂ ಅಷ್ಟೇ ಮುಖ್ಯ. ಮರ ಸಾಗಿಸುವ ಲಾರಿಗಳಿಗಾಗಿ ಮಾಡಿದ ರಸ್ತೆಯಾದರೆ ನಂಬಬಹುದು. ತುಂಬಿದ ಲಾರಿ ಕಡಿದಾದ ಏರು ಹತ್ತಲಾರದು, ಹಾಗಾಗಿ ಏರನ್ನು ಸಾಮಾನ್ಯವಾಗಿ ಶೇ. 10-12ರ ಆಸುಪಾಸಿನಲ್ಲೇ ಹಿಡಿದಿಟ್ಟಿರುತ್ತಾರೆ. ತಿರುವುಗಳು ಅಗಲ, ಹಳ್ಳ ಹಾಯುವಲ್ಲಿ ಮೋರಿ, ಒಳಬದಿಗೆ ಚರಂಡಿ. ಆದರೆ ಕಡಿದ ದಿಮ್ಮಿಗಳನ್ನು ಎಳೆದು ತರಲು ಮಾಡಿದ ಜಾಡುಗಳು ಬೇರೆಯೇ ಜಾತಿ. ಅವು ಇಳಿಜಾರಿಗೆ ನೇರವಾಗಿ ಬಿದ್ದಿರುತ್ತವೆ, ಮಳೆನೀರು ಅವುಗಳನ್ನೇ ಕಾಲುವೆ ಮಾಡಿಕೊಳ್ಳುತ್ತದೆ, ಕೊನೆಗೆ ಕಾಡಿನ ನಡುವೆ ಒಂದು ಬಯಲಿನಲ್ಲಿ ಸುಮ್ಮನೆ ಮುಗಿದುಹೋಗುತ್ತವೆ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಗೆಯ ಗೆರೆ ಇರಬಹುದು. ವ್ಯತ್ಯಾಸ ಹಿಡಿಯಲು ಸಮೋನ್ನತ ರೇಖೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳನ್ನು, ನೋಡುತ್ತೇನೆ. ದಾರಿ ಆ ರೇಖೆಗಳ ಜೊತೆಜೊತೆಗೆ ಓರೆಯಾಗಿ ಸಾಗಿದರೆ ಅದು ಲಾರಿ ರಸ್ತೆ. ರೇಖೆಗಳನ್ನು ಕತ್ತರಿಸುತ್ತಾ ನೆಟ್ಟಗೆ ಹೋದರೆ ಅದು ದಿಮ್ಮಿ ಎಳೆದ ಜಾಡು, ಅದನ್ನು ಬಿಟ್ಟುಬಿಡುತ್ತೇನೆ.

ನಕ್ಷೆಗೆ ನಾನು ನೆಚ್ಚಿಕೊಂಡಿರುವುದು 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನು. ಕೋಮೂಟ್, ರೈಡ್ ವಿತ್ ಜಿಪಿಎಸ್ ಮುಂತಾದ ದಾರಿ ಹಾಕುವ ಆ್ಯಪ್‌ಗಳು ಬಳಸುವ ನಕ್ಷೆಯ ಹೂರಣವೂ ಬಹುಪಾಲು ಅದೇ. ಅದರಲ್ಲಿ ಮಣ್ಣುದಾರಿಗಳಿಗೆ ಗ್ರೇಡ್ 1ರಿಂದ ಗ್ರೇಡ್ 5ರವರೆಗೆ ದರ್ಜೆ ಕೊಟ್ಟಿರುತ್ತಾರೆ. 1 ಎಂದರೆ ಗಟ್ಟಿಯಾಗಿ ಅಡಕವಾದ ನೆಲ, 5 ಎಂದರೆ ಮೆತ್ತನೆಯ ಮಣ್ಣು, ಹುಲ್ಲು. 2 ಮತ್ತು 3 ನನ್ನ ಸೈಕಲ್ಲಿಗೆ ಹೇಳಿ ಮಾಡಿಸಿದ್ದು. 4 ಬಂದರೆ ಹಿಂದಿನ ವಾರದ ಮಳೆ ನೋಡುತ್ತೇನೆ. 5 ಇದ್ದರೆ ಆ ತುಂಡು ಒಂದು ಕಿಲೋಮೀಟರಿಗಿಂತ ಉದ್ದವಿರಬಾರದು. ಉಪಗ್ರಹ ಚಿತ್ರದಲ್ಲಿ ದಟ್ಟ ಕಾಡಿನ ಕೆಳಗಿರುವುದು ಕಾಣುವುದಿಲ್ಲ. ಎಲೆ ಉದುರುವ ಕಾಡಾದರೆ ಬೋಳಾದ ಕಾಲದಲ್ಲಿ ತೆಗೆದ ಚಿತ್ರವನ್ನು ಹುಡುಕಿ ನೋಡುತ್ತೇನೆ, ಆಗ ಬೆಳ್ಳಗೆ ಜಲ್ಲಿಯ ಪಟ್ಟಿ ಸ್ಪಷ್ಟವಾಗಿ ಕಾಣಿಸುತ್ತದೆ.

ಏರಿನ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ, ಇದನ್ನು ಹೊಸಬರಿಗೆ ಹೇಳಲೇಬೇಕು. ಹಲವು ಆ್ಯಪ್‌ಗಳ ಎತ್ತರದ ಮಾಹಿತಿಗೆ ಮೂಲ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ನಡೆದ ರಾಡಾರ್ ಅಳತೆ. ದಟ್ಟ ಕಾಡಿರುವಲ್ಲಿ ಆ ರಾಡಾರ್ ಬಹುಪಾಲು ನೆಲ ಮುಟ್ಟದೆ ಮರಗಳ ಹಂದರದಿಂದಲೇ ಮರಳಿರುತ್ತದೆ. ಅದರ ಮೇಲೆ ನಕ್ಷೆಯ ಗೆರೆ ನಿಜವಾದ ರಸ್ತೆಗಿಂತ 10 ಮೀಟರ್ ಪಕ್ಕಕ್ಕೆ ಸರಿದಿದ್ದರೆ, ಶೇ. 60ರ ಕಡಿದಾದ ಪಕ್ಕೆಯಲ್ಲಿ ಎತ್ತರ 6 ಮೀಟರ್ ತಪ್ಪುತ್ತದೆ. ಸಮತಟ್ಟಾಗಿರುವ ಪಕ್ಕೆಯ ದಾರಿ ಆ್ಯಪ್‌ನ ಏರಿಳಿತದ ಚಿತ್ರದಲ್ಲಿ ಗರಗಸದ ಹಲ್ಲಾಗಿ ಕಾಣುವುದು ಇದರಿಂದಲೇ. ಎಷ್ಟೋ ಜನ ಅದನ್ನು ನೋಡಿ ಹೆದರಿ ಅತ್ಯುತ್ತಮ ದಾರಿಯನ್ನೇ ಕೈಬಿಡುತ್ತಾರೆ. ಒಟ್ಟು ಏರಿನ ಅಂಕಿ ದೊಡ್ಡದಾಗಿ ಕಂಡಾಗ ನಾನು ಸಮೋನ್ನತ ರೇಖೆಗಳನ್ನು ಕೈಯಾರೆ ಎಣಿಸುತ್ತೇನೆ. ಹತ್ತು ನಿಮಿಷದ ಕೆಲಸ, ದಿನದ ಅಂದಾಜು ಸರಿಯಾಗುತ್ತದೆ. ಕಿಲೋಮೀಟರಿಗೆ ಸರಾಸರಿ 10 ಮೀಟರ್ ಏರಿದ್ದರೆ ಹಿತವಾದ ದಿನ. 20 ದಾಟಿದರೆ ದೂರವನ್ನು ಅರ್ಧಕ್ಕೆ ಇಳಿಸುತ್ತೇನೆ.

ಇನ್ನು ಸುತ್ತನ್ನು ಹೆಣೆಯುವುದು. ಗಟ್ಟಿ ಜಲ್ಲಿಯ ಲಾರಿ ರಸ್ತೆಯನ್ನು ಏರಲು ಇಟ್ಟುಕೊಳ್ಳುತ್ತೇನೆ. ಉದುರು ಜಲ್ಲಿಯಲ್ಲಿ ಏರಿದರೆ ಹಿಂದಿನ ಚಕ್ರ ಜಾರಿ ಶ್ರಮವೆಲ್ಲ ವ್ಯರ್ಥ. ಇಳಿಯಲು ದೂರದವರೆಗೆ ಕಣ್ಣಿಗೆ ಕಾಣುವ ದಾರಿ ಬೇಕು. ಎಲ್ಲಕ್ಕಿಂತ ಎತ್ತರದ ಏಣನ್ನು ಮೊದಲರ್ಧದಲ್ಲೇ ದಾಟಿಬಿಡುತ್ತೇನೆ. ಪ್ರತಿ ಕಣಿವೆಯಲ್ಲೂ ಡಾಂಬರು ರಸ್ತೆಗೆ ಇಳಿಯುವ ಒಂದು ದಾರಿಯನ್ನು ಗುರುತಿಸಿಕೊಳ್ಳುತ್ತೇನೆ. ನೀರು ಸಿಗುವುದು ಕಣಿವೆಯಲ್ಲಿ, ಫೋನಿನ ಸಿಗ್ನಲ್ ಸಿಗುವುದು ಹೆಚ್ಚಾಗಿ ನೆತ್ತಿಯಲ್ಲಿ. ಆದ್ದರಿಂದ ಏಣು ಹತ್ತಿದ ಕೂಡಲೇ ಮುಂದಿನ ಕಣಿವೆ ಯಾವುದು, ಎಷ್ಟು ಹೊತ್ತಿಗೆ ದಾಟುತ್ತೇನೆ ಎಂದು ಮನೆಗೆ ಸಂದೇಶ ಕಳಿಸುತ್ತೇನೆ. ಕಾಡಿನ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಬೇಕು, ಅದನ್ನು ಬೇರೆ ಹೇಳಬೇಕಾಗಿಲ್ಲ.

ಸೈಕಲ್ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಕಾಡುಗುಡ್ಡಕ್ಕೆ ಹಗುರ ಫ್ರೇಮಿಗಿಂತ ಸಲೀಸಾಗಿ ತುಳಿಯಬಹುದಾದ ಕೆಳಗಿನ ಗೇರ್ ಮುಖ್ಯ. ಪೆಡಲಿನ ಬಳಿಯ ಮುಂದಿನ ಹಲ್ಲುಚಕ್ರಕ್ಕೆ 40 ಹಲ್ಲು, ಹಿಂದಿನ ಗಾಲಿಯ ಹಲ್ಲುಚಕ್ರಕ್ಕೆ 44 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 7 ಕಿ.ಮೀ. ಚಿಲ್ಲರೆ. ಸವಾರ, ಸೈಕಲ್, ಸಾಮಾನು ಸೇರಿ 85 ಕೆ.ಜಿ. ಇದ್ದರೆ ಶೇ. 12ರ ಏರಿನಲ್ಲಿ ಈ ವೇಗಕ್ಕೇ 220 ವ್ಯಾಟ್ ಹತ್ತಿರ ಬೇಕು. ಗಂಟೆಗಟ್ಟಲೆ ಅಷ್ಟು ಕೊಡುವುದು ಸಾಮಾನ್ಯರ ಕಾಲಿಗೆ ಕಷ್ಟ. ಮುಂದಿನ ಹಲ್ಲುಚಕ್ರವನ್ನು 30 ಹಲ್ಲಿಗೆ, ಹಿಂದಿನದನ್ನು 40ಕ್ಕೆ ಹೊಂದಿಸಿಕೊಂಡರೆ ಅದೇ ಲಯದಲ್ಲಿ ಗಂಟೆಗೆ 6 ಕಿ.ಮೀ., 180 ವ್ಯಾಟ್ ಆಸುಪಾಸು. ಆ 40 ವ್ಯಾಟಿನ ಉಳಿತಾಯವೇ ಸಂಜೆಯ ಕೊನೆಯ ಏರನ್ನು ದಾಟಿಸುವುದು. ಸೈಕಲ್ ಕೊಳ್ಳುವವರು ಯಾರೇ ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ.

ಟೈರ್ 45 ಮಿಲಿಮೀಟರ್, ಟ್ಯೂಬ್‌ಲೆಸ್, ಒಳಗೆ ಸಣ್ಣ ತೂತು ಮುಚ್ಚುವ ಸೀಲೆಂಟ್ ದ್ರವ. ನನ್ನದು 70 ಕೆ.ಜಿ. ದೇಹ. ಮುಂದೆ 28, ಹಿಂದೆ 31 ಪಿಎಸ್‌ಐ ಒತ್ತಡದ ಗಾಳಿ ನನಗೆ ಒಗ್ಗಿದೆ. ಗಾಳಿ ಹೆಚ್ಚಾದರೆ ಟೈರ್ ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ, ಮೈ ನುಗ್ಗಾಗುತ್ತದೆ. ತೀರಾ ಕಡಿಮೆಯಾದರೆ ಚೂಪುಗಲ್ಲಿಗೆ ರಿಮ್ಮೇ ಬಡಿಯುತ್ತದೆ. ಚೀಲದಲ್ಲಿ ಒಂದು ಟ್ಯೂಬ್, ರಂಧ್ರಕ್ಕೆ ತುರುಕುವ ಪ್ಲಗ್, ಪಂಪು, ಚೈನಿನ ಕೊಂಡಿ, ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್. ಹ್ಯಾಂಗರನ್ನು ಬಿಟ್ಟುಹೋಗಬೇಡಿ. ಕಾಡಿನಲ್ಲಿ ಒಂದು ಕಡ್ಡಿ ಸಿಕ್ಕಿಕೊಂಡರೆ ಮುರಿಯುವುದು ಅದೇ, ಎಷ್ಟೋ ಫ್ರೇಮುಗಳಿಗೆ ಅದರ ಆಕಾರ ಬೇರೆಬೇರೆ.

ಏರುವಾಗ ಸೀಟಿನ ಮುಂತುದಿಗೆ ಸರಿದು, ಮೊಣಕೈ ಬಗ್ಗಿಸಿ, ಕೂತೇ ತುಳಿಯುತ್ತೇನೆ. ಎದ್ದು ನಿಂತರೆ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಜಲ್ಲಿಯಲ್ಲಿ ತಿರುಗತೊಡಗುತ್ತದೆ. ಇಳಿಯುವಾಗ ನನ್ನದೊಂದೇ ನಿಯಮ: ಕಣ್ಣಿಗೆ ಕಾಣುವಷ್ಟು ದಾರಿಯ ಅರ್ಧದೊಳಗೆ ನಿಲ್ಲಲು ಸಾಧ್ಯವಿರುವ ವೇಗ. ಉಳಿದರ್ಧ ಎದುರಿಗೆ ಬರುವವರದು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ, ಸಡಿಲ ಜಲ್ಲಿಯಲ್ಲಂತೂ ಆ ದೂರವೇ ಜಾಸ್ತಿ. ಬ್ರೇಕ್ ಹಿಡಿಯುವುದು ನೇರ ದಾರಿಯಲ್ಲಿ, ತಿರುವಿಗೆ ಮೊದಲೇ. ತಿರುವಿನೊಳಗೆ ಬೆರಳು ಸಡಿಲ.

ದಾರಿಯುದ್ದಕ್ಕೂ ಅಡ್ಡಡ್ಡ ಬರೆ ಎಳೆದಂಥ ಏರಿಳಿತ ಎದುರಾಗುತ್ತದಲ್ಲ, ಅದು ವಾಹನದ ಸ್ಪ್ರಿಂಗಿನಿಂದ ಆಗುವುದು ಎಂದು ಹಲವರ ನಂಬಿಕೆ. ಸ್ಪ್ರಿಂಗಿಲ್ಲದ ಬರೀ ಚಕ್ರವೂ ಒಂದು ವೇಗ ಮೀರಿದ ಮೇಲೆ ಮರಳಿನಲ್ಲಿ ಅದೇ ಅಲೆ ಮೂಡಿಸುತ್ತದೆ ಎಂದು 2007ರಲ್ಲಿ ಭೌತವಿಜ್ಞಾನಿಗಳು ಪ್ರಯೋಗದಲ್ಲಿ ತೋರಿಸಿದ್ದಾರೆ. ಗಾಡಿಗಳು ವೇಗ ಕೂಡಿಸುವ, ಬ್ರೇಕ್ ಹಾಕುವ ಜಾಗಗಳಲ್ಲಿ, ಅಂದರೆ ತಿರುವಿನ ಮೊದಲು ಮತ್ತು ನಂತರ, ಇದು ಜಾಸ್ತಿ. ಚಕ್ರಗಳು ಕಡಿಮೆ ತುಳಿದಿರುವ ರಸ್ತೆಯ ಅಂಚಿನಲ್ಲಿ ಒಂದು ಅಡಿಯಷ್ಟು ನಯವಾದ ನೆಲ ಉಳಿದಿರುತ್ತದೆ. ನಾನು ಅದನ್ನೇ ಹಿಡಿಯುತ್ತೇನೆ.

ಮಳೆಯ ಮಾತಿಗೆ ಬಂದರೆ, ಮಣ್ಣಿನ ಗುಣ ತಿಳಿಯದೆ ಹೊರಡಬಾರದು. ಮರಳು ಮಿಶ್ರಿತ ಮಣ್ಣಾದರೆ ಒಂದು ದಿನದ ಬಿಸಿಲು ಸಾಕು. ಒದ್ದೆಯಾದಾಗ ಅದು ಇನ್ನೂ ಗಟ್ಟಿ ಹಿಡಿತ ಕೊಡುವುದೂ ಉಂಟು. ಜಿಗುಟು ಮಣ್ಣಾದರೆ ಕತೆ ಬೇರೆ. ಟೈರಿಗೆ ಮೆತ್ತಿ, ಫ್ರೇಮಿನ ಸಂದಿಯಲ್ಲಿ ತುಂಬಿ, ಚಕ್ರ ತಿರುಗುವುದನ್ನೇ ನಿಲ್ಲಿಸುತ್ತದೆ. ಅಮೆರಿಕದ ಕಾನ್ಸಸ್ ರಾಜ್ಯದ ಎಂಪೋರಿಯಾದಲ್ಲಿ ನಡೆಯುವ ಅನ್‌ಬೌಂಡ್ ಗ್ರಾವೆಲ್ ಎಂಬ 200 ಮೈಲಿಯ ಸ್ಪರ್ಧೆಯಲ್ಲಿ 2023ರಲ್ಲಿ ಹೀಗೇ ಆಯಿತು. ಪಳಗಿದ ಸವಾರರೂ ಆರಂಭದಲ್ಲೇ ಸೈಕಲ್ ಹೊತ್ತು ನಡೆದರು. ಇಂಥ ಮಣ್ಣಿನ ದಾರಿಯನ್ನು ಮಳೆ ಬಿಟ್ಟ ಕೂಡಲೇ ತುಳಿಯದಿರುವುದಕ್ಕೆ ಇನ್ನೊಂದು ಕಾರಣವೂ ಇದೆ: ಟೈರಿನ ಗುರುತೇ ಮುಂದಿನ ಮಳೆಗೆ ಕಾಲುವೆಯಾಗಿ ದಾರಿ ಕೊಚ್ಚಿಹೋಗುತ್ತದೆ. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖಮಾಡಿದ ಇಳಿಜಾರು, ದಕ್ಷಿಣ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖಮಾಡಿದ್ದು, ಸಾಮಾನ್ಯವಾಗಿ ಕಡಿಮೆ ಬಿಸಿಲು ಕಂಡು ಕೊನೆಗೆ ಒಣಗುತ್ತದೆ. ಮಳೆಯ ನಂತರದ ಸವಾರಿಯನ್ನು ಬಿಸಿಲ ಮಗ್ಗುಲಿನಲ್ಲೇ ಹಾಕುತ್ತೇನೆ.

ಮರದ ನೆರಳು ಬಿಸಿಲುಗಳ ಚಿತ್ತಾರದಲ್ಲಿ ಗುಂಡಿ ಕಾಣುವುದಿಲ್ಲ. ಹಾಗಾಗಿ ಕಪ್ಪು ಕನ್ನಡಕ ಬೇಡ, ಬಣ್ಣವಿಲ್ಲದ್ದೇ ಸರಿ. ತರಗೆಲೆಯ ಕೆಳಗೆ ಬೇರು, ಕಲ್ಲು ಅಡಗಿರುತ್ತವೆ. ರಾತ್ರಿ ತಣ್ಣನೆಯ ಭಾರದ ಗಾಳಿ ಗುಡ್ಡದಿಂದ ಇಳಿದು ಕಣಿವೆಯಲ್ಲಿ ತಂಗುವುದರಿಂದ ಬೆಳಗ್ಗೆ ನೆತ್ತಿಗಿಂತ ತಳದಲ್ಲೇ ಚಳಿ, ಮಂಜು. ಬೆವರಿ ಏರಿದ ಮೇಲೆ ಉದ್ದದ ಇಳಿತಕ್ಕೆ ಮುನ್ನ ಗಾಳಿತಡೆ ಅಂಗಿ ಹಾಕಿಕೊಳ್ಳುವುದನ್ನು ನಾನು ಯಾವ ಕಾಲದಲ್ಲೂ ಬಿಟ್ಟಿಲ್ಲ.

ನಕ್ಷೆಯಲ್ಲಿ ಗೆರೆ ಇದ್ದ ಮಾತ್ರಕ್ಕೆ ಸೈಕಲ್ ಓಡಿಸುವ ಹಕ್ಕು ಸಿಗುವುದಿಲ್ಲ. ಅನುಮತಿ ಯಾರದು ಬೇಕೆಂದು ಮೊದಲೇ ವಿಚಾರಿಸುತ್ತೇನೆ, ದಾಟಿದ ಗೇಟನ್ನು ಇದ್ದ ಹಾಗೆಯೇ ಬಿಡುತ್ತೇನೆ. ಮರ ಕಡಿಯುವ ಕೆಲಸ ನಡೆಯುತ್ತಿದ್ದರೆ ಹಿಂದಿರುಗುತ್ತೇನೆ, ಏಕೆಂದರೆ ಇಳಿಜಾರಿನಲ್ಲಿ ಉರುಳುವ ದಿಮ್ಮಿಗೆ ದಾರಿಯ ಹಂಗಿಲ್ಲ. ಮುಂಜಾನೆ ಮತ್ತು ಮುಸ್ಸಂಜೆ ಪ್ರಾಣಿಗಳು ಹಳ್ಳಕ್ಕೆ ಇಳಿಯುವ ಹೊತ್ತು. ಆಗ ಕಣಿವೆ ದಾರಿಯಲ್ಲಿ ಇರದಂತೆ ಸುತ್ತನ್ನು ಹೊಂದಿಸುತ್ತೇನೆ, ಕುರುಡು ತಿರುವಿನಲ್ಲಿ ಬೆಲ್ ಬಾರಿಸುತ್ತೇನೆ.

ಮರಳಿ ಬಂದ ದಿನವೇ ದಾರಿಯ ಗೆರೆ ಉಳಿಸಿಟ್ಟಿರುವ ಜಿಪಿಎಕ್ಸ್ ಫೈಲಿಗೆ ಟಿಪ್ಪಣಿ ಸೇರಿಸುತ್ತೇನೆ: ಎಲ್ಲಿ ಮೋರಿ ಕುಸಿದಿದೆ, ಎಲ್ಲಿ ಒರತೆ ದಾರಿಗೆ ಹರಿಯುತ್ತಿದೆ, ಎಲ್ಲಿ ಹೊಸ ಜಲ್ಲಿ ಸುರಿದಿದ್ದಾರೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ದಾರಿಯ ದರ್ಜೆ ತಪ್ಪಾಗಿದ್ದರೆ ತಿದ್ದುತ್ತೇನೆ, ಅದಕ್ಕೆ ಒಂದು ಖಾತೆ ತೆರೆದರೆ ಸಾಕು. ಒಂದು ಸುತ್ತು ಮನಸ್ಸಿಗೆ ಹಿಡಿಸಿದರೆ ಅದನ್ನು ಉಲ್ಟಾ ದಿಕ್ಕಿನಲ್ಲೂ ಹೋಗುತ್ತೇನೆ. ಬ್ರೇಕ್ ಹಿಡಿದು ಇಳಿದಿದ್ದ ಪಕ್ಕೆಯನ್ನು ಈಗ ನಿಧಾನವಾಗಿ ಏರುವಾಗ, ಮೊದಲ ಸಲ ಕಣ್ಣಿಗೆ ಬೀಳದ ಅಡ್ಡದಾರಿಗಳು ಕಾಣುತ್ತವೆ, ಮುಂದಿನ ಸುತ್ತಿನ ಗೆರೆ ಅಲ್ಲಿಂದಲೇ ಶುರುವಾಗುತ್ತದೆ.