ಮೇಲಂಚು ಮಡಚಿಕೊಂಡ ಮಾನಿಟರ್

ಹಳೇ ಸಿಆರ್‌ಟಿ (ಪಿಕ್ಚರ್ ಟ್ಯೂಬಿನ) ಮಾನಿಟರ್ ಕೆಟ್ಟಿದೆ ಅಂದರೆ ಸಾಕು, ‘ಎಲ್ಲಾ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ) ಕಿತ್ತು ಹೊಸದು ಹಾಕಿಬಿಡಿ’ ಅನ್ನುತ್ತಾರೆ. ನನಗೆ ಆ ಪದ್ಧತಿ ಒಗ್ಗುವುದಿಲ್ಲ. ಅಷ್ಟು ಹಳೇ ಬೋರ್ಡಿನಲ್ಲಿ ಬಿಸಿ ಜಾಸ್ತಿಯಾದರೆ ತಾಮ್ರದ ಗೆರೆಯೇ ಎದ್ದು ಬರುತ್ತದೆ. ಸುಮ್ನೆ ಯಾಕೆ ಕೈ ಹಾಕಬೇಕು?

ನನ್ನ 14 ಇಂಚಿನ ಕಲರ್ ವಿಜಿಎ ಮಾನಿಟರಿನಲ್ಲಿ ಚಿತ್ರದ ಮೇಲಂಚು ಮಡಚಿಕೊಂಡಿತ್ತು. ಡಾಸ್‌ನ ಮೊದಲ ಸಾಲುಗಳು ಒಂದರ ಮೇಲೊಂದು ಕೂತಿದ್ದವು, ಅವುಗಳ ನಡುವೆ ಬಿಳಿ ಗೆರೆಗಳು. ಸ್ವಲ್ಪ ಹೊತ್ತು ಓಡಿದರೆ ತಾನಾಗೇ ಅರ್ಧಂಬರ್ಧ ಸರಿಹೋಗುತ್ತಿತ್ತು. ತಣ್ಣಗಿದ್ದಾಗ ತೊಂದರೆ ಜಾಸ್ತಿ, ಕಾದ ಮೇಲೆ ಕಡಿಮೆ ಅಂದರೆ ಮೊದಲ ಅನುಮಾನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮೇಲೆ. ಒಳಗಿನ ದ್ರವ ಆರಿ ಇಎಸ್‌ಆರ್, ಅಂದರೆ ಕೆಪಾಸಿಟರಿನ ಒಳಗಿನ ರೆಸಿಸ್ಟೆನ್ಸ್, ಏರಿರುತ್ತದೆ, ಬಿಸಿಗೆ ಅದು ಕೊಂಚ ಇಳಿಯುತ್ತದೆ.

ಬಿಚ್ಚುವ ಮೊದಲು ಪ್ಲಗ್ ಕಿತ್ತೆ. ಕಲರ್ ಪಿಕ್ಚರ್ ಟ್ಯೂಬಿನ ಆನೋಡ್‌ಗೆ 20 ಸಾವಿರ ವೋಲ್ಟ್ ದಾಟಿ ಹೋಗುತ್ತದೆ, ಆಫ್ ಮಾಡಿದ ಮೇಲೂ ಉಳಿದಿರುತ್ತದೆ. ಸ್ಕ್ರೂಡ್ರೈವರಿಗೆ ವೈರ್ ಕಟ್ಟಿ, ಇನ್ನೊಂದು ತುದಿಯನ್ನು ಟ್ಯೂಬಿನ ಹಿಂದಿನ ಗ್ರೌಂಡ್ ತಂತಿಗೆ ಸಿಕ್ಕಿಸಿ, ಆನೋಡ್ ಮುಚ್ಚಿರುವ ರಬ್ಬರ್ ಕಪ್‌ನ ಕೆಳಗೆ ತೂರಿಸಿದೆ. ಚಟ್ ಅಂತು. ಸ್ವಲ್ಪ ಬಿಟ್ಟು ಮತ್ತೊಮ್ಮೆ ಮಾಡಿದೆ, ಚಾರ್ಜ್ ಮರಳಿ ಬರುತ್ತದೆ. ಪವರ್ ಸಪ್ಲೈನ ದೊಡ್ಡ 400 ವೋಲ್ಟ್ ಕೆಪಾಸಿಟರಲ್ಲೂ 300 ವೋಲ್ಟ್‌ಗಿಂತ ಜಾಸ್ತಿ ನಿಂತಿರಬಹುದು. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ನೋಡಿಯೇ ಕೈ ಇಟ್ಟೆ. ಇದೆಲ್ಲ ಹೊಸಬರಾದರೆ ಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಚಿತ್ರ ಬಿಡಿಸುವ ಕಿರಣವನ್ನು ಮೇಲೆ ಕೆಳಗೆ ಓಡಿಸುವ ವರ್ಟಿಕಲ್ ಐಸಿ ಟಿಡಿಎ 8172. ಅದರ 3 ಮತ್ತು 6ನೇ ಪಿನ್ ನಡುವೆ 100 ಮೈಕ್ರೋಫ್ಯಾರಡ್, 35 ವೋಲ್ಟಿನ ಕೆಪಾಸಿಟರ್ ಇತ್ತು. ಕಿರಣ ಕೆಳಗಿಂದ ಮೇಲಕ್ಕೆ ವಾಪಸ್ ಓಡುವಾಗ ಐಸಿಗೆ ಹೆಚ್ಚುವರಿ ವೋಲ್ಟೇಜ್ ಕೊಡುವುದೇ ಇದರ ಕೆಲಸ. ಇದು ಸೊರಗಿದರೆ ಕಿರಣ ಮೇಲೆ ಮುಟ್ಟುವ ಮೊದಲೇ ಹೊಸ ಚಿತ್ರ ಶುರುವಾಗುತ್ತದೆ, ಮೇಲಂಚು ಮಡಚಿಕೊಳ್ಳುತ್ತದೆ. ಜಾಗವೂ ಎಂಥದ್ದು ನೋಡಿ, ಐಸಿಯ ಬಿಸಿ ಹೀರುವ ಹೀಟ್ ಸಿಂಕ್‌ಗೆ ಅಂಟಿಕೊಂಡೇ ನಿಲ್ಲಿಸಿದ್ದರು. ಬೇಯದೆ ಇನ್ನೇನಾಗುತ್ತೆ ಅಲ್ವಾ?

ನೋಡಲು ಉಬ್ಬಿರಲಿಲ್ಲ, ಸೋರಿರಲಿಲ್ಲ. ಮಲ್ಟಿಮೀಟರ್ 91 ಮೈಕ್ರೋಫ್ಯಾರಡ್ ತೋರಿಸಿತು, ಅಂದರೆ ಪಾಸ್! ಇಎಸ್‌ಆರ್ ಮೀಟರ್ ಇಟ್ಟಾಗ 14 ಓಮ್. ಒಳ್ಳೇದಾಗಿದ್ದರೆ ಒಂದು ಓಮ್‌ಗಿಂತ ಕೆಳಗೇ ಇರಬೇಕಿತ್ತು. ಹಾಗಾಗಿ ಈ ಕೆಲಸಕ್ಕೆ ಕೆಪಾಸಿಟೆನ್ಸ್ ಅಳತೆಯೊಂದನ್ನೇ ನಾನು ನಂಬುವುದಿಲ್ಲ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 100 ಮೈಕ್ರೋಫ್ಯಾರಡ್, 50 ವೋಲ್ಟಿನದ್ದು ತಂದೆ. ವೋಲ್ಟ್ ಜಾಸ್ತಿಯಿದ್ದರೆ ಪರವಾಗಿಲ್ಲ, ಕಡಿಮೆ ಇರಬಾರದು. 85 ಡಿಗ್ರಿ ಬಿಸಿ ತಡೆಯುವುದು ಬೇಡ, 105 ಡಿಗ್ರಿಯದ್ದೇ ಕೇಳಿ. ಪ್ಲಸ್ ಕಾಲು 6ನೇ ಪಿನ್ ಕಡೆಗೆ ಹಾಕಿ ಬೆಸುಗೆ ಹಚ್ಚಿದೆ, ಹೀಟ್ ಸಿಂಕ್‌ನಿಂದ ಚೂರು ವಾಲಿಸಿ. ಸಪ್ಲೈ ಕಡೆಯ ಇನ್ನೆರಡರ ಇಎಸ್‌ಆರ್ ಕೂಡ ಏರಿತ್ತು, ಅವನ್ನೂ ಬದಲಿಸಿದೆ. ಮಿಕ್ಕವನ್ನು ಮುಟ್ಟಲಿಲ್ಲ.

ಆನ್ ಮಾಡಿದರೆ ಚಿತ್ರ ಪರದೆಯಿಂದ ಆಚೆ ಹೋಗಿತ್ತು. ಹಿಂದೆ ಯಾರೋ ದೋಷ ಮುಚ್ಚಲು ಹೈಟ್ ಪ್ರಿಸೆಟ್ (ಚಿತ್ರದ ಎತ್ತರ ಹೊಂದಿಸುವ ತಿರುಪು) ತಿರುಗಿಸಿಟ್ಟಿದ್ದರು. ಪರದೆ ಮೇಲೆ ವೃತ್ತವೊಂದನ್ನು ಹಾಕಿ, ಅದು ದುಂಡಗಾಗುವ ತನಕ ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಲ್ಲಿ ಹಿಂದಕ್ಕೆ ತಿರುಗಿಸಿದೆ.